ಬಳಪದ ಕಲ್ಲು, ಮೈಲುತುತ್ತ ಮತ್ತು ಮೆಂಡಲೀವರ ಕೋಷ್ಟಕ

ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯ ಬಳಪದ ಕಲ್ಲಿನದು. ಒಂದು ಕಾಲದಲ್ಲಿ ಮಕ್ಕಳು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದುತ್ತಿದ್ದ ಬಳಪವೂ ಇದೇ ಕುಲದ ಕಲ್ಲು. ಶುದ್ಧ ಬಳಪವನ್ನು ಉಗುರಿನಿಂದ ಗೀರಿದರೂ ಗೆರೆ ಮೂಡುತ್ತದೆ. ಗುಡಿ ಕಟ್ಟುವ ಕಲ್ಲಿನಲ್ಲಿ ಕ್ಲೋರೈಟ್‌ನಂಥ ಬೇರೆ ಖನಿಜಗಳೂ ಸೇರಿರುವುದರಿಂದ ಅದು ತುಸು ಗಡಸು, ಬಣ್ಣ ಹಸಿರು ಬೆರೆತ ಬೂದು. ಹನ್ನೊಂದು, ಹನ್ನೆರಡನೇ ಶತಮಾನದ ರೂವಾರಿಗಳಿಗೆ ಈ ಕಲ್ಲು ಸಿಕ್ಕಿದ್ದು ದೊಡ್ಡ ಭಾಗ್ಯ. ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಇಲ್ಲಿಂದ ಬೇಲೂರಿಗೆ ಹೋಗಿ, ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕಡೆದು, ಕೆಳಗೆ ತಮ್ಮ ಹೆಸರನ್ನೂ ಕೊರೆದಿಟ್ಟರು. ಮದನಿಕೆಯ ಕೈಬಳೆಯ ಒಳಗೆ, ಕೊರಳಹಾರದ ಹಿಂದೆ ಉಳಿ ಓಡಾಡಲು ಸಾಧ್ಯವಾದದ್ದು ಅವರ ಕೈಚಳಕದಿಂದ ಎಂಬುದು ನಿಜ. ಕಲ್ಲೂ ಅದಕ್ಕೆ ಒಡಂಬಟ್ಟಿತ್ತು.

ಕಲ್ಲು ಹೀಗೆ ಒಡಂಬಡಲು ಕಾರಣ ಅದರೊಳಗಿನ ಧಾತುಗಳು. ಬಳಪದ ಮೂಲ ಘಟಕದಲ್ಲಿ ಇರುವುದು ಮೂರು ಮೆಗ್ನೀಸಿಯಂ, ನಾಲ್ಕು ಸಿಲಿಕಾನ್, ಹನ್ನೆರಡು ಆಮ್ಲಜನಕ ಮತ್ತು ಎರಡು ಜಲಜನಕದ ಪರಮಾಣುಗಳು. ಪ್ರತಿ ಸಿಲಿಕಾನ್ ಪರಮಾಣು ನಾಲ್ಕು ಆಮ್ಲಜನಕಗಳ ನಡುವೆ ಕೂತಿರುತ್ತದೆ. ಇಂಥ ಲೆಕ್ಕವಿಲ್ಲದಷ್ಟು ಘಟಕಗಳು ಮೂಲೆಗೆ ಮೂಲೆ ಹೊಂದಿಕೊಂಡು ಒಂದು ಹಾಳೆಯಾಗುತ್ತವೆ. ಅಂಥ ಎರಡು ಹಾಳೆಗಳ ನಡುವೆ ಮೆಗ್ನೀಸಿಯಂನ ಪದರ. ಈ ಮೂರೂ ಸೇರಿದ ಕಟ್ಟು ತನ್ನೊಳಗೆ ಬಲು ಬಿಗಿ, ಪಕ್ಕದ ಕಟ್ಟಿನೊಡನೆ ಮಾತ್ರ ಅದರ ನಂಟು ತೀರಾ ಸಡಿಲ. ಉಳಿ ತಾಗಿದಾಗ ಕಟ್ಟುಗಳು ಒಂದರ ಮೇಲೊಂದು ಜಾರುತ್ತವೆ. ಮಗುವಿನ ಮೈಗೆ ಹಾಕುವ ಟಾಲ್ಕಂ ಪೌಡರಿನ ನುಣುಪಿಗೂ ಇದೇ ಕಾರಣ.

ಸಿಲಿಕಾನ್ ನಾಲ್ಕೇ ಆಮ್ಲಜನಕಗಳನ್ನು ಹಿಡಿಯುತ್ತದೆ ಏಕೆ? ಮೆಗ್ನೀಸಿಯಂನ ಕೆಲವು ಜಾಗಗಳಲ್ಲಿ ಕಬ್ಬಿಣ ಬಂದು ಕೂರಬಲ್ಲದು, ಸೋಡಿಯಂ ಕೂರಲಾರದು, ಅದು ಏಕೆ? ಇಂಥ ಪ್ರಶ್ನೆಗಳಿಗೆ ಪ್ರತಿ ಧಾತುವಿನ ಜಾತಕವನ್ನು ಬೇರೆ ಬೇರೆಯಾಗಿ ಬಾಯಿಪಾಠ ಮಾಡಬೇಕಿಲ್ಲ. ಆವರ್ತ ಕೋಷ್ಟಕದಲ್ಲಿ ಅವುಗಳ ಮನೆ ಎಲ್ಲಿದೆ ಎಂದು ಗೊತ್ತಾದರೆ ಉತ್ತರದ ಬಹುಪಾಲು ಸಿಕ್ಕಂತೆ. ಹೈಸ್ಕೂಲಿನ ಗೋಡೆಯ ಮೇಲೆ ನೇತಾಡುವ ಆ ಬಣ್ಣದ ಚಾರ್ಟಿನ ನಿಜವಾದ ಶಕ್ತಿ ಇದು.

ಕನ್ನಡ ಓದಲು ಬರುವವರಿಗೆ ಇಂಥ ಇನ್ನೊಂದು ಕೋಷ್ಟಕ ಐದಾರು ವಯಸ್ಸಿನಲ್ಲೇ ಪರಿಚಯವಾಗಿರುತ್ತದೆ. ವರ್ಗೀಯ ವ್ಯಂಜನಗಳ ಐದು ಸಾಲು, ಐದು ಕಂಬ. ಕ ಖ ಗ ಘ ಙ ಎಂಬ ಸಾಲಿನ ಅಕ್ಷರಗಳೆಲ್ಲ ಗಂಟಲಿನ ಕಡೆ ಹುಟ್ಟುತ್ತವೆ, ಪ ಫ ಬ ಭ ಮ ತುಟಿಯಲ್ಲಿ. ಮೇಲಿನಿಂದ ಕೆಳಕ್ಕೆ ಓದಿದರೆ ಗ ಜ ಡ ದ ಬ ಒಂದೇ ಸ್ವಭಾವದ ಅಕ್ಷರಗಳು. ಆದೇಶ ಸಂಧಿಯಲ್ಲಿ ಈ ಕಂಬದ ನಿಯಮ ಕಣ್ಣಿಗೆ ಕಾಣುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಮೊದಲ ಕಂಬದ ಕ, ತ, ಪ ಮೂರೂ ಅದೇ ಸಾಲಿನಲ್ಲಿ ಎರಡು ಮನೆ ಬಲಕ್ಕೆ ಸರಿದು ಗ, ದ, ಬ ಆಗುತ್ತವೆ. ಒಂದಕ್ಕೆ ಆದದ್ದು ಉಳಿದೆರಡಕ್ಕೂ ಆಗುತ್ತದೆ. 1869ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪ್ರಾಧ್ಯಾಪಕ ದಿಮಿತ್ರಿ ಮೆಂಡಲೀವ್ ಧಾತುಗಳಲ್ಲಿ ಕಂಡದ್ದೂ ಇಂಥ ಒಂದು ಕ್ರಮವನ್ನೇ.

ಆಗ ಗೊತ್ತಿದ್ದ ಧಾತುಗಳು 63. ಅವನ್ನು ಗುಂಪು ಮಾಡುವ ಪ್ರಯತ್ನಗಳು ಅದಕ್ಕೂ ಮುಂಚೆ ನಡೆದಿದ್ದವು. ಜರ್ಮನಿಯ ಡಾಬರೈನರ್ ಮೂರು ಮೂರು ಧಾತುಗಳ ತ್ರಿವಳಿಗಳನ್ನು ಗುರುತಿಸಿದ್ದರು. ಇಂಗ್ಲೆಂಡಿನ ನ್ಯೂಲ್ಯಾಂಡ್ಸ್ ಪ್ರತಿ ಎಂಟನೆಯ ಧಾತುವಿನಲ್ಲಿ ಗುಣ ಮರುಕಳಿಸುತ್ತದೆ ಎಂದು ತೋರಿಸಿದ್ದರು. ಮೆಂಡಲೀವ್ ತಮ್ಮ ವಿದ್ಯಾರ್ಥಿಗಳಿಗಾಗಿ ರಸಾಯನಶಾಸ್ತ್ರದ ಪಠ್ಯಪುಸ್ತಕ ಬರೆಯುತ್ತಿದ್ದರು. ಅಷ್ಟೊಂದು ಧಾತುಗಳನ್ನು ಯಾವ ಕ್ರಮದಲ್ಲಿ ಹೇಳುವುದು ಎಂಬ ಮೇಷ್ಟರ ಕಷ್ಟದಿಂದಲೇ ಕೋಷ್ಟಕ ಹುಟ್ಟಿತು. ಪರಮಾಣು ರಾಶಿ ಏರುವ ಕ್ರಮದಲ್ಲಿ ಧಾತುಗಳನ್ನು ಜೋಡಿಸುತ್ತ, ಗುಣ ಹೊಂದದ ಕಡೆ ಅವರು ಬಲವಂತ ಮಾಡಲಿಲ್ಲ. ಮನೆಯನ್ನು ಖಾಲಿ ಬಿಟ್ಟರು. ಅಲ್ಲಿಗೆ ಬರಬೇಕಾದ ಧಾತು ಇನ್ನೂ ಸಿಕ್ಕಿಲ್ಲ ಎಂದರು. ಹಾಗೆ ಹೇಳಲು ಎದೆಗಾರಿಕೆ ಬೇಕು.

ಸಿಲಿಕಾನಿನ ಕೆಳಗಿನ ಖಾಲಿ ಮನೆಗೆ ಅವರು ಇಟ್ಟ ತಾತ್ಕಾಲಿಕ ಹೆಸರು ಏಕ-ಸಿಲಿಕಾನ್. ಅಲ್ಯೂಮಿನಿಯಂ ಕೆಳಗಿನದು ಏಕ-ಅಲ್ಯೂಮಿನಿಯಂ. ರಷ್ಯಾದ ವಿಜ್ಞಾನಿಯ ಕೈಗೆ ಸಂಸ್ಕೃತದ ಸಂಖ್ಯೆ ಬಂದದ್ದು ಹೇಗೆ? ಭಾಷಾವಿಜ್ಞಾನಿ ಪಾಲ್ ಕಿಪಾರ್ಸ್ಕಿ ಒಂದು ಊಹೆ ಮುಂದಿಟ್ಟಿದ್ದಾರೆ. ಪಾಣಿನಿಯ ವ್ಯಾಕರಣವನ್ನು ಸಂಪಾದಿಸಿದ ಓಟೋ ಬೋಟ್‌ಲಿಂಕ್ ಪೀಟರ್ಸ್‌ಬರ್ಗ್ ಅಕಾಡೆಮಿಯವರು. ಅವರ ಒಡನಾಟದಲ್ಲಿ ಮೆಂಡಲೀವರಿಗೆ ಪಾಣಿನಿಯ ಅಕ್ಷರಕ್ರಮದ ಪರಿಚಯವಾಗಿ, ಆ ಋಣಕ್ಕಾಗಿ ಸಂಸ್ಕೃತದ ಹೆಸರು ಇಟ್ಟಿರಬಹುದು ಎಂದು. ಇದಕ್ಕಿರುವುದು ಪರೋಕ್ಷ ಆಧಾರ ಮಾತ್ರ. ಆವರ್ತ ಕೋಷ್ಟಕ ನಮ್ಮವರದೇ ಎಂದು ವಾಟ್ಸಾಪಿನಲ್ಲಿ ಸಾರಲು ಇಷ್ಟು ಸಾಲದು, ಸಾರುವ ಅಗತ್ಯವೂ ಇಲ್ಲ.

ಆದರೂ ಬಳ್ಳಿಗಾವಿಯಲ್ಲಿ ನಿಂತು ಈ ಊಹೆಯನ್ನು ನೆನೆಯುವುದರಲ್ಲಿ ಒಂದು ಸೊಗಸಿದೆ. ಕೇದಾರೇಶ್ವರದ ಕೋಡಿಯ ಮಠದ ಬಗೆಗಿನ 1162ರ ಶಾಸನ ಅಲ್ಲಿ ಕಲಿಸುತ್ತಿದ್ದ ವಿದ್ಯೆಗಳನ್ನು ಪಟ್ಟಿ ಮಾಡುತ್ತದೆ. ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳು, ಆರು ದರ್ಶನ, ಪುರಾಣ, ಕಾವ್ಯ, ನಾಟಕ. ಬಡವರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಔಷಧ ಕೊಡುತ್ತಿದ್ದ ಜಾಗವೂ ಅದೇ. ಜೋಡಿಸಿ ತಿಳಿಯುವುದು, ಜೋಡಣೆಯಿಂದಲೇ ನಿಯಮ ಹೊರಡಿಸುವುದು ಈ ಊರಿನ ವಿದ್ಯಾರ್ಥಿಗಳಿಗೆ ನಿತ್ಯದ ಪಾಠವಾಗಿತ್ತು.

ಖಾಲಿ ಮನೆಗಳು ತುಂಬಿದ ಕಥೆ ಕೋಷ್ಟಕದ ಕಥೆಯಲ್ಲೇ ಬಲು ರೋಚಕ. 1875ರಲ್ಲಿ ಫ್ರಾನ್ಸಿನ ಲಕಾಕ್ ದ ಬುವಾಬೋದ್ರಾಂ ಗ್ಯಾಲಿಯಂ ಕಂಡುಹಿಡಿದು ಅದರ ಸಾಂದ್ರತೆ 4.7 ಎಂದು ಪ್ರಕಟಿಸಿದರು. ಆ ಲೋಹವನ್ನು ಕಣ್ಣಿನಿಂದಲೂ ಕಾಣದ ಮೆಂಡಲೀವ್, ಇದು ತಮ್ಮ ಏಕ-ಅಲ್ಯೂಮಿನಿಯಂ, ಸಾಂದ್ರತೆ 5.9ರ ಆಸುಪಾಸು ಇರಬೇಕು, ಲೋಹ ಪೂರ್ತಿ ಶುದ್ಧವಾಗಿಲ್ಲ ಎಂದು ತಿಳಿಸಿದರು. ಶುದ್ಧ ಮಾಡಿ ಮತ್ತೆ ಅಳೆದಾಗ ಬಂದದ್ದು 5.9. ಏಕ-ಸಿಲಿಕಾನ್ ಸಿಗಲು 1886ರವರೆಗೆ ಕಾಯಬೇಕಾಯಿತು. ಜರ್ಮನಿಯ ಕ್ಲೆಮೆನ್ಸ್ ವಿಂಕ್ಲರ್ ಬೆಳ್ಳಿಯ ಅದಿರೊಂದರಲ್ಲಿ ಅದನ್ನು ಕಂಡು ಜರ್ಮೇನಿಯಂ ಎಂದು ಕರೆದರು. ಪರಮಾಣು ರಾಶಿ 72 ಎಂದು ಮೆಂಡಲೀವ್ ಹೇಳಿದ್ದರು, ಸಿಕ್ಕಿದ್ದು 72.6. ಅದರ ಕ್ಲೋರೈಡು 100 ಡಿಗ್ರಿಯೊಳಗೇ ಕುದಿಯಬೇಕು ಎಂದಿದ್ದರು. ಅದು ಕುದಿದದ್ದು 90 ಡಿಗ್ರಿ ಮುಟ್ಟುವ ಮೊದಲೇ.

ಈ ಕಂಬ, ಅಂದರೆ ಇಂದಿನ 14ನೇ ಗುಂಪು, ಇಂಗಾಲ, ಸಿಲಿಕಾನ್, ಜರ್ಮೇನಿಯಂ, ತವರ, ಸೀಸ ಎಂದು ಕೆಳಗಿಳಿಯುತ್ತದೆ. ಬಳ್ಳಿಗಾವಿಯ ಸುತ್ತಮುತ್ತಲೇ ಇದನ್ನು ಓದಿಕೊಳ್ಳಬಹುದು. ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಕೆತ್ತುತ್ತಾರೆ. ಆ ಮರದ ನಾರು, ಎಣ್ಣೆ ಎಲ್ಲಕ್ಕೂ ಇಂಗಾಲದ ಸರಪಳಿಯೇ ಆಧಾರ. ಗಂಧದ ಪರಿಮಳಕ್ಕೆ ಕಾರಣವಾದ ಸ್ಯಾಂಟಲಾಲ್ ಅಣುವಿನಲ್ಲಿ ಹದಿನೈದು ಇಂಗಾಲದ ಪರಮಾಣುಗಳಿವೆ. ದಾಸೋಜನ ಮನೆತನದವರು ಕಡೆದದ್ದು ಸಿಲಿಕಾನಿನ ಕಲ್ಲನ್ನು. ಒಂದು ಮನೆ ಮೇಲೆ ಮರ, ಅದರ ಕೆಳಗಿನ ಮನೆಯಲ್ಲಿ ಕಲ್ಲು. ಎರಡರ ಪರಮಾಣುವಿನಲ್ಲೂ ಹೊರಕವಚದ ಎಲೆಕ್ಟ್ರಾನುಗಳು ನಾಲ್ಕೇ, ಆದ್ದರಿಂದ ಎರಡೂ ನಾಲ್ಕು ಬಂಧಗಳನ್ನು ಕಟ್ಟುತ್ತವೆ. ಸಿಲಿಕಾನ್ ನಾಲ್ಕು ಆಮ್ಲಜನಕಗಳ ನಡುವೆ ಕೂರುವುದಕ್ಕೆ ಮೂಲ ಇಲ್ಲಿದೆ.

ಹಾಗಾದರೆ ಮರ ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ತೇಲಿಹೋಗುತ್ತದೆ, ಸಿಲಿಕಾನಿನ ಡೈಆಕ್ಸೈಡ್ ಮಾತ್ರ ಹೊಳೆಯ ಮರಳಾಗಿ ಕಾಲಡಿ ಬಿದ್ದಿರುತ್ತದೆ, ಇದು ಹೇಗೆ? ಇಂಗಾಲದ ಪರಮಾಣು ಪುಟ್ಟದು. ಅದು ಎರಡೇ ಆಮ್ಲಜನಕಗಳನ್ನು ಜೋಡಿಬಂಧದಿಂದ ಹತ್ತಿರಕ್ಕೆ ಎಳೆದುಕೊಂಡು ಬಿಡಿಬಿಡಿ ಅಣುವಾಗುತ್ತದೆ. ದೊಡ್ಡ ಪರಮಾಣುವಾದ ಸಿಲಿಕಾನಿಗೆ ಅಷ್ಟು ಹತ್ತಿರದ ಜೋಡಿಬಂಧ ಸುಲಭವಲ್ಲ. ಅದು ನಾಲ್ಕು ಆಮ್ಲಜನಕಗಳನ್ನು ಒಂಟಿಬಂಧದಿಂದ ಹಿಡಿಯುತ್ತದೆ, ಅವು ಪಕ್ಕದ ಸಿಲಿಕಾನನ್ನು ಹಿಡಿಯುತ್ತವೆ. ಕೊನೆ ಮೊದಲಿಲ್ಲದ ಜಾಲ ಏರ್ಪಡುತ್ತದೆ. ಇನ್ನೂ ಕೆಳಗಿಳಿದಷ್ಟೂ ಹೊರಗಿನ ಎಲೆಕ್ಟ್ರಾನುಗಳ ಮೇಲೆ ಪರಮಾಣುವಿನ ಹಿಡಿತ ಸಡಿಲವಾಗಿ ಲೋಹದ ಗುಣ ಹೆಚ್ಚುತ್ತದೆ. ಗುಡಿಯ ಕಂಚಿನ ಗಂಟೆಗೆ ತಾಮ್ರದ ಜೊತೆ ಸುಮಾರು ಐದನೇ ಒಂದು ಪಾಲು ಬೆರೆಸುವ ತವರ ಈ ಕಂಬದ್ದು, ಟ್ರ್ಯಾಕ್ಟರಿನ ಬ್ಯಾಟರಿಯೊಳಗಿನ ಸೀಸವೂ ಇದರದ್ದೇ. ನಡುವಿನ ಜರ್ಮೇನಿಯಂನಿಂದಲೇ 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರ್ ತಯಾರಾಯಿತು.

ಕೋಷ್ಟಕ ಮಾಡಿದಾಗ ಮೆಂಡಲೀವರಿಗೆ ಎಲೆಕ್ಟ್ರಾನಿನ ವಿಚಾರವೇ ತಿಳಿದಿರಲಿಲ್ಲ. ಟೆಲ್ಯೂರಿಯಂ ಅಯೋಡಿನ್‌ಗಿಂತ ಭಾರವಾದರೂ ಗುಣ ನೋಡಿ ಅದನ್ನು ಮೊದಲು ಕೂರಿಸಿದರು. ಸರಿ ಮಾಡಿದರೆಂದು 1913ರಲ್ಲಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಪ್ರಯೋಗದಿಂದ ತೋರಿಸಿದರು. ಕ್ರಮವನ್ನು ನಿರ್ಧರಿಸುವುದು ತೂಕವಲ್ಲ, ಪರಮಾಣು ಸಂಖ್ಯೆ. ಮೋಸ್ಲಿ 1915ರಲ್ಲಿ ಗ್ಯಾಲಿಪೊಲಿಯ ಯುದ್ಧದಲ್ಲಿ ಸತ್ತಾಗ ಅವರಿಗೆ 27 ವರ್ಷ. ಇಂದು ಕೋಷ್ಟಕದಲ್ಲಿ 118 ಧಾತುಗಳಿವೆ, ಏಳು ಸಾಲುಗಳೂ ತುಂಬಿವೆ.

ಕಂಬದಂತೆ ಸಾಲನ್ನೂ ನೆಲದ ಮೇಲೆ ಓದಬಹುದು. ಬಳ್ಳಿಗಾವಿಯಿಂದ ಸೊರಬದ ಕಡೆ ಹೋದರೆ ಮಣ್ಣು ಕೆಂಪಾಗುತ್ತದೆ, ಮನೆಯ ಗೋಡೆಗೆ, ಬಾವಿಯ ಕಟ್ಟೆಗೆ ಜಂಬಿಟ್ಟಿಗೆ ಕಲ್ಲು ಬರುತ್ತದೆ. ಲಕ್ಷಾಂತರ ವರ್ಷಗಳ ಮಳೆ ಬಂಡೆಯನ್ನು ತೊಳೆದು ಉಳಿಸಿದ ಕಲ್ಲು ಇದು. ತೊಳೆದುಹೋದವು ಯಾವುವು, ಉಳಿದವು ಯಾವುವು? ಕೋಷ್ಟಕದ ಎಡತುದಿಯ ಸೋಡಿಯಂ, ಪೊಟ್ಯಾಸಿಯಂ ಒಂದೇ ಎಲೆಕ್ಟ್ರಾನ್ ಕಳೆದುಕೊಂಡು ನೀರಿನಲ್ಲಿ ಸುಲಭವಾಗಿ ಕರಗಿ ಹೊರಟವು. ಪಕ್ಕದ ಕಂಬದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಂದೆಯೇ ನಡೆದವು. ಸಿಲಿಕಾನಿನ ಬಹುಪಾಲೂ ನಿಧಾನವಾಗಿ ಹೋಯಿತು. ದಂಡಾವತಿ, ವರದಾ ನದಿಗಳು ಅವನ್ನು ತುಂಗಭದ್ರೆಗೆ, ಕೃಷ್ಣೆಗೆ, ಬಂಗಾಳ ಕೊಲ್ಲಿಗೆ ಒಯ್ದವು. ಮೂರು ಎಲೆಕ್ಟ್ರಾನ್ ಕೊಟ್ಟ ಅಲ್ಯೂಮಿನಿಯಂ ಮತ್ತು ಕಬ್ಬಿಣ ಮಾತ್ರ ನೀರಿನೊಡನೆ ಸೇರಿ ಕರಗದ ಆಕ್ಸೈಡು, ಹೈಡ್ರಾಕ್ಸೈಡುಗಳಾಗಿ ಜಾಗದಲ್ಲೇ ನಿಂತವು. ಮಲೆನಾಡಿನ ಮಣ್ಣು ಹುಳಿ, ಅದಕ್ಕೆ ಸುಣ್ಣ ಹಾಕಬೇಕು ಎಂದು ಕೃಷಿ ಅಧಿಕಾರಿಗಳು ಹೇಳುವುದು ಇದೇ ಕಾರಣಕ್ಕೆ. ಮಳೆ ಒಯ್ದ ಕ್ಯಾಲ್ಸಿಯಂ ಅನ್ನು ಚೀಲದಲ್ಲಿ ತಂದು ಮತ್ತೆ ನೆಲಕ್ಕೆ ಕೊಡುವ ಕೆಲಸ ಅದು.

ಇಷ್ಟು ಉಪಯೋಗದ ಪಾಠವನ್ನು 2022ರ ಪಠ್ಯ ಪರಿಷ್ಕರಣೆಯಲ್ಲಿ ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಕೈಬಿಟ್ಟಿತು. ಕೋವಿಡ್ ಕಾಲದ ಹೊರೆ ಇಳಿಸಲು ಎಂಬುದು ಕಾರಣ, ಹನ್ನೊಂದನೇ ತರಗತಿಯಲ್ಲಿ ವಿವರವಾಗಿ ಇದೆಯಲ್ಲ ಎಂಬುದು ಸಮಜಾಯಿಷಿ. ಮುಂದಿನ ವರ್ಷ ವಿಜ್ಞಾನಿಗಳು, ಶಿಕ್ಷಕರು ಆಕ್ಷೇಪ ಎತ್ತಿದರು. ಅವರ ಆಕ್ಷೇಪ ನ್ಯಾಯವಾದದ್ದು. ಹನ್ನೊಂದರಲ್ಲಿ ವಿಜ್ಞಾನ ಆರಿಸಿಕೊಳ್ಳುವವರು ಕೆಲವರು. ಹತ್ತಕ್ಕೆ ಓದು ನಿಲ್ಲಿಸಿ ಮನೆಯ ಗದ್ದೆ ತೋಟಕ್ಕೆ ಬರುವ ಹುಡುಗ, ಆರ್ಟ್ಸ್ ಅಥವಾ ಕಾಮರ್ಸ್ ಸೇರುವ ಹುಡುಗಿ, ಇವರಿಗೆ ಕೋಷ್ಟಕವನ್ನು ಭೇಟಿಯಾಗುವ ಅವಕಾಶ ಮತ್ತೆ ಬರುವುದಿಲ್ಲ. ತೋಟಕ್ಕೆ ಬಂದವನ ಕೈಗೆ ಸಿಗುವುದೆಲ್ಲ ಧಾತುಗಳೇ ಆಗಿದ್ದರೂ.

ಅಡಿಕೆ ತೋಟದಲ್ಲಿ ಮಳೆಗಾಲದ ಆರಂಭಕ್ಕೆ ನಡೆಯುವ ಕೆಲಸವನ್ನೇ ನೋಡಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ದ್ರಾಕ್ಷಿಯ ರೋಗಕ್ಕೆಂದು ಪ್ರಚಾರಕ್ಕೆ ತಂದ ಈ ಮದ್ದನ್ನು ಮಲೆನಾಡಿನ ಅಡಿಕೆಗೆ ಒಗ್ಗಿಸಿದವರು ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದ ಬೆಳೆಗಾರರಿಗೆ ಅದು ಹೊಸ ದಾರಿಯಾಯಿತು. ಒಂದು ಡ್ರಮ್ಮಿನಲ್ಲಿ ಐವತ್ತು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), ಇನ್ನೊಂದರಲ್ಲಿ ಐವತ್ತು ಲೀಟರಿಗೆ ಒಂದು ಕಿಲೋ ಸುಣ್ಣ. ಎರಡನ್ನೂ ಕದಡಿ ಒಟ್ಟಿಗೆ ಸುರಿದಾಗ ತಿಳಿನೀಲಿಯ ದ್ರಾವಣ. ಕೊನೆಗಾರ ಮರ ಹತ್ತುವ ಮೊದಲು ಹದ ನೋಡಬೇಕು. ಮಸೆದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತುಸು ಹೊತ್ತು ಹಿಡಿದು ತೆಗೆಯುತ್ತಾರೆ. ಅಲಗು ಬೆಳ್ಳಗೆ ಉಳಿದರೆ ಸರಿ. ಕೆಂಪು ಛಾಯೆ ಕೂತಿದ್ದರೆ ಸುಣ್ಣ ಸಾಲದು, ಇನ್ನಷ್ಟು ತಿಳಿ ಸೇರಿಸಬೇಕು. ಹಾಗೆಯೇ ಹೊಡೆದರೆ ಎಳೆಗಾಯಿ ಸುಡುತ್ತದೆ.

ಆ ಕೆಂಪು ತಾಮ್ರದ್ದು. ಕಬ್ಬಿಣ ಕೋಷ್ಟಕದಲ್ಲಿ 26, ತಾಮ್ರ 29. ಕಬ್ಬಿಣಕ್ಕೆ ಎಲೆಕ್ಟ್ರಾನ್ ಬಿಟ್ಟುಕೊಡುವ ಸ್ವಭಾವ ಹೆಚ್ಚು. ದ್ರಾವಣದಲ್ಲಿ ಒಂಟಿಯಾಗಿ ಅಲೆಯುತ್ತಿರುವ ತಾಮ್ರದ ಅಯಾನುಗಳು ಅದನ್ನು ಪಡೆದು ಲೋಹವಾಗಿ ಅಲಗಿನ ಮೇಲೆ ಕೂರುತ್ತವೆ. ಸುಣ್ಣ ಸಾಕಷ್ಟಿದ್ದರೆ ತಾಮ್ರವೆಲ್ಲ ಅದರೊಡನೆ ಸೇರಿ ಕರಗದ ರೂಪಕ್ಕೆ ಬಂದಿರುತ್ತದೆ, ಅಲಗಿಗೆ ಅಂಟಲು ಏನೂ ಉಳಿದಿರುವುದಿಲ್ಲ. ತಾಮ್ರದ ಕೆಳಗಿನ ಮನೆಗಳಲ್ಲಿರುವುದು ಬೆಳ್ಳಿ ಮತ್ತು ಚಿನ್ನ. ಮೂರೂ ಎಲೆಕ್ಟ್ರಾನನ್ನು ಸುಲಭಕ್ಕೆ ಬಿಡದ ಲೋಹಗಳು. ಲೋಕದ ಎಷ್ಟೋ ರಾಜ್ಯಗಳ ಟಂಕಸಾಲೆಯವರು ನಾಣ್ಯಕ್ಕೆಂದು ಈ ಮೂರನ್ನೇ ಆರಿಸಿಕೊಂಡಿದ್ದರು. ಮೆಂಡಲೀವರಿಗಿಂತ ಬಹಳ ಹಿಂದೆಯೇ ಒಂದು ಕಂಬ ಗುರುತಾಗಿಬಿಟ್ಟಿತ್ತು.

ಧಾತು ಎಂದಮೇಲೆ ಅದು ಕೊಳೆತು ಇಲ್ಲವಾಗುವುದಿಲ್ಲ. ಇಂಗಾಲದ ಸರಪಳಿಯ ಎಷ್ಟೋ ಕೀಟನಾಶಕಗಳು ಬಿಸಿಲಿಗೆ, ಸೂಕ್ಷ್ಮಜೀವಿಗಳಿಗೆ ಸಿಕ್ಕಿ ಒಡೆಯುತ್ತವೆ. ತಾಮ್ರದ ಪರಮಾಣು ಒಡೆಯುವುದಿಲ್ಲ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ನೂರು ಲೀಟರ್ ದ್ರಾವಣ ಹೊಡೆದಾಗಲೆಲ್ಲ ಅಷ್ಟು ಲೋಹ ಎಲೆ, ಗೊನೆ, ಕಾಂಡದಿಂದ ಇಳಿದು ಬಹುಪಾಲು ತೋಟದ ಮಣ್ಣಿಗೇ ಸೇರುತ್ತದೆ. ಯುರೋಪಿನ ದ್ರಾಕ್ಷಿ ತೋಟಗಳಲ್ಲಿ ಹೀಗೆ ಸೇರಿದ ತಾಮ್ರ ಎರೆಹುಳುಗಳಿಗೆ, ಮಣ್ಣಿನ ಸೂಕ್ಷ್ಮಜೀವಿಗಳಿಗೆ ಕಂಟಕವಾಗಿದೆ. ಅಲ್ಲಿ ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ ಎಂಬ ಮಿತಿ ಇದೆ. ಕೊಳೆರೋಗ ಬಿದ್ದ ವರ್ಷ ಬೆಳೆಗಾರನ ಪಾಡು ಏನೆಂದು ಬಲ್ಲವರು ಬೋರ್ಡೋ ಬಿಡಿ ಎಂದು ಹೇಳಲಾರರು. ಆದರೆ ತೋಟದ ಮಣ್ಣಿನಲ್ಲಿ ಈಗಾಗಲೇ ಎಷ್ಟು ತಾಮ್ರ ಕೂಡಿದೆ ಎಂದು ತಿಳಿದುಕೊಂಡು ಹೊಡೆಯುವುದು ಒಳ್ಳೆಯದು.

ತಿಳಿಯುವ ದಾರಿಯೂ ಇದೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳ ಅಳತೆ ಇರುತ್ತದೆ. ರಸಸಾರ, ಲವಣಾಂಶ, ಸಾವಯವ ಇಂಗಾಲ ಬಿಟ್ಟರೆ ಉಳಿದ ಒಂಬತ್ತೂ ನೇರ ಧಾತುಗಳ ಹೆಸರುಗಳು: ಸಾರಜನಕ, ರಂಜಕ, ಪೊಟ್ಯಾಸಿಯಂ, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಇವುಗಳಲ್ಲಿ ಮೊದಲ ಮೂರನ್ನು ನೋಡಿ ಗೊಬ್ಬರದಂಗಡಿಗೆ ಹೋಗುವುದು ರೂಢಿ. ಅಡಿಕೆ ಬೆಳೆಗಾರರು ಮುಖ್ಯವಾಗಿ ನೋಡಬೇಕಾದದ್ದು ಕೆಳಗಿನ ಸಾಲುಗಳನ್ನು. ಮ್ಯಾಂಗನೀಸ್ 25, ಕಬ್ಬಿಣ 26, ತಾಮ್ರ 29, ಸತು 30. ನಾಲ್ಕೂ ಕೋಷ್ಟಕದ ನಾಲ್ಕನೇ ಸಾಲಿನ ನೆರೆಹೊರೆಯವರು. ಮಣ್ಣಿನಲ್ಲಿ ಎರಡು ಎಲೆಕ್ಟ್ರಾನ್ ಕಳೆದುಕೊಂಡ ಇವುಗಳ ಅಯಾನುಗಳ ಗಾತ್ರ ಹೆಚ್ಚುಕಡಿಮೆ ಹತ್ತಿರ ಹತ್ತಿರ. ಬೇರು ಹೀರುವ ಬಾಗಿಲಲ್ಲಿ ಒಂದಕ್ಕೊಂದು ಪೈಪೋಟಿಗೆ ಬೀಳುತ್ತವೆ. ತಾಮ್ರ ಅತಿಯಾದ ಮಣ್ಣಿನಲ್ಲಿ ಸತು, ಕಬ್ಬಿಣ ಇದ್ದರೂ ಗಿಡಕ್ಕೆ ಸಾಲದೆ ಹೊಸ ಎಲೆ ಹಳದಿ ತಿರುಗಬಹುದು, ಆಗ ಇನ್ನಷ್ಟು ಗೊಬ್ಬರ ಸುರಿದು ಪ್ರಯೋಜನವಿಲ್ಲ. ಮಾದರಿ ತೆಗೆಯುವಾಗ ತೋಟದ ಒಂದೇ ಮೂಲೆಯ ಮಣ್ಣು ಸಾಲದು. ಹತ್ತಾರು ಕಡೆ ಅಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅದರಿಂದ ಅರ್ಧ ಕಿಲೋ ಕಳಿಸಬೇಕು. ಅಗೆಯಲು ತುಕ್ಕು ಹಿಡಿದ ಗುದ್ದಲಿ ಬೇಡ, ಅದರ ಕಬ್ಬಿಣವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಮದ್ದು ಹೊಡೆದ ಕೂಡಲೇ ತೆಗೆದ ಮಣ್ಣೂ ಬೇಡ.